ನೋಟ್ಸ್‌ನಾಚೆಗೂ ಸಾಗಲಿ ಸೂಕ್ಷ್ಮಜೀವಿ ಪಾಠ

ಮಾನ್ಯರೆ,

ಪದವಿ ಕಾಲೇಜುಗಳಲ್ಲಿ ಸೂಕ್ಷ್ಮಜೀವಿ ವಿಜ್ಞಾನದ ಬೋಧನೆಯು ಇಂದಿಗೂ ಬಹುಮಟ್ಟಿಗೆ ನೋಟ್ಸ್ ಬರೆಸುವುದರಲ್ಲೇ ಮುಗಿದುಹೋಗುತ್ತಿರುವುದು ವಿಷಾದನೀಯ. ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಚ್ಚಿ ಅವುಗಳನ್ನು ನೇರಳೆ, ಗುಲಾಬಿ ಎಂಬ ಎರಡು ಗುಂಪುಗಳಾಗಿ ಗುರುತಿಸುವ ಗ್ರಾಂ ವರ್ಣಲೇಪನದ ಹಂತಗಳನ್ನು ತಪ್ಪಿಲ್ಲದೆ ಒಪ್ಪಿಸುವ ವಿದ್ಯಾರ್ಥಿಗೂ, ಸ್ಲೈಡನ್ನು ಆಲ್ಕೋಹಾಲಿನಿಂದ ಹೆಚ್ಚು ಹೊತ್ತು ತೊಳೆದರೆ ನೇರಳೆಯಾಗಿ ಉಳಿಯಬೇಕಾದ ಬ್ಯಾಕ್ಟೀರಿಯಾ ಗುಲಾಬಿಯಾಗಿ ಕಾಣುವುದೇಕೆ ಎಂದು ಕೇಳಿದರೆ ಉತ್ತರ ಹೊಳೆಯುವುದಿಲ್ಲ; ಒಮ್ಮೆ ತಾನೇ ಸ್ಲೈಡ್ ಕೆಡಿಸಿಕೊಂಡು ಕಾರಣ ಹುಡುಕಿದವರು ಅದನ್ನು ಮರೆಯುವುದಿಲ್ಲ.

ವಿಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತ ತರಗತಿಗಳ ಕುರಿತ 225 ಅಧ್ಯಯನಗಳನ್ನು ಒಟ್ಟುಗೂಡಿಸಿ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕೆಯಲ್ಲಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯು, ಬರೀ ಉಪನ್ಯಾಸ ಕೇಳಿದವರು ಅನುತ್ತೀರ್ಣರಾಗುವ ಸಂಭವವು ತರಗತಿಯಲ್ಲಿ ಚರ್ಚಿಸಿ, ಸಮಸ್ಯೆ ಬಿಡಿಸಿ ಕಲಿತವರಿಗಿಂತ ಒಂದೂವರೆ ಪಟ್ಟು ಹೆಚ್ಚೆಂದು ತೋರಿಸಿದೆ. ಪಠ್ಯ ಮುಗಿಸುವ ಒತ್ತಡ ಅಧ್ಯಾಪಕರಿಗಿದೆ, ಅತಿಥಿ ಉಪನ್ಯಾಸಕರ ಪಾಡಂತೂ ಹೇಳತೀರದು ಎಂಬುದು ನಿಜ. ಆದರೆ ಈ ಬದಲಾವಣೆಗೆ ದುಬಾರಿ ಉಪಕರಣಗಳೇ ಬೇಕೆಂದಿಲ್ಲ.

ಚಿಕ್ಕಮಗಳೂರಿನ ಸುತ್ತಮುತ್ತ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ) ಆರಂಭವಾದಾಗ, ಬೀಜದ ಲೋಳೆಯನ್ನು ಹುದುಗಿಸಿ ಕಳೆಯುವ ತೊಟ್ಟಿಯ ನೀರನ್ನು ವಿದ್ಯಾರ್ಥಿಗಳೇ ತಂದು, ಗಂಟೆಗಂಟೆಗೆ ಅದರ ಆಮ್ಲೀಯತೆ ಅಳೆದು, ಯಾವ ಯೀಸ್ಟ್, ಯಾವ ಬ್ಯಾಕ್ಟೀರಿಯಾ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ವಾದಿಸಲಿ. ಮಳೆಗಾಲಕ್ಕೆ ಅಡಿಕೆಯ ಕೊಳೆರೋಗ ಇದ್ದೇ ಇದೆ. ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಪ್ರತಿ ಸೆಮಿಸ್ಟರ್‌ನಲ್ಲಿ ಇಂತಹ ಒಂದು ಸ್ಥಳೀಯ ಪ್ರಯೋಗವನ್ನು ಕಡ್ಡಾಯಗೊಳಿಸಿ, ಆಂತರಿಕ ಮೌಲ್ಯಮಾಪನದ ಅಂಕಗಳ ಒಂದು ಪಾಲನ್ನು ಅದಕ್ಕೇ ಮೀಸಲಿಡಬೇಕು.

– ಓರ್ವ ಪೋಷಕ, ಚಿಕ್ಕಮಗಳೂರು