ಪ್ರೆಸ್ ಕೆಡವೂದಕ್ಕಿಂತ ಮೊದ್ಲ ಈ ಪತ್ರ ಓದು ದೋಸ್ತ

ದೋಸ್ತ,

ನಿನ್ನ ವಾಯ್ಸ್ ಮೆಸೇಜ್ ಎರಡ ಸಲ ಕೇಳಿದೆ. ನಿಮ್ಮ ಅಜ್ಜಾರ ಕಾಲದ ಪ್ರಿಂಟಿಂಗ್ ಪ್ರೆಸ್ಸಿನ ಕಟ್ಟಡ ಕೆಡವಿ ಅಂಗಡಿ ಕಾಂಪ್ಲೆಕ್ಸ್ ಕಟ್ಟಸ್ತೀನಿ, ಬಿಲ್ಡರ್ ಮುಂದಿನ ತಿಂಗಳ ಬರ್ತಾನ ಅಂದಿಯಲ್ಲ, ಅವಾಗಿಂದ ನಿನಗ ಹೇಳಬೇಕು ಹೇಳಬೇಕು ಅನ್ಕೋತನ ಇದ್ದೆ, ಫೋನ್ ಮಾಡಿದ್ರ ಇಬ್ರೂ ಬ್ಯಾರೆ ಏನೇನೋ ಮಾತಾಡಿ ಇಟ್ಟಬಿಡ್ತೀವಿ, ಅದಕ್ಕ ಪತ್ರ. ಎಲ್ಲಾರಿಗೂ ಕಾಣೂ ಹಂಗ ಹಾಕಾಕತ್ತೀನಿ, ಯಾಕಂದ್ರ ಗದಗಿನಾಗ ನಿನ್ನಂಗ ಹಳೇ ಪ್ರೆಸ್ ಇಟ್ಕೊಂಡು ಮುಂದ ಏನ್ ಮಾಡ್ಲಿ ಅಂತ ಕುಂತಾವ್ರು ಇನ್ನೂ ಮಂದಿ ಅದಾರ, ಅವರೂ ಓದ್ಲಿ.

ಹೋದ ಶನಿವಾರ ನಾನೂ ನಮ್ಮಾಕಿನೂ ಶಿಕಾಗೋದಾಗ ಒಂದ ಮನಿ ನೋಡಾಕ ಹೋಗಿದ್ವಿ. ಲಾಫ್ಟ್ ಅಂತಾರ ಇದಕ್ಕ. ನಮ್ಮ ಕಡೆ ಲಾಫ್ಟ್ ಅಂದ್ರ ಅಡಗಿಮನ್ಯಾಗ ಹಳೇ ಪಾತ್ರಿ ಡಬ್ಬಿ ಇಡೂ ಅಟ್ಟ, ಇಲ್ಲಿ ಹಂಗಲ್ಲ, ಕಾರ್ಖಾನಿನೋ ಗೋದಾಮೋ ಇದ್ದ ಕಟ್ಟಡದ ಒಂದೊಂದ ಅಂತಸ್ತು ಪಾಲ ಮಾಡಿ ಮನಿ ಮಾಡಿರ್ತಾರ, ಒಳಗ ಗ್ವಾಡಿ ಕಡಿಮಿ, ಎತ್ತರ ಭಾಳ. ನಾವು ನೋಡಿದ್ದು 1,150 ಚದರಡಿದು, ಹೊಸದಾಗಿ ರಿನೋವೇಟ್ ಮಾಡಿ ಮಾರಾಟಕ್ಕ ಇಟ್ಟಾರ. ನಿಜ ಹೇಳ್ಬೇಕಂದ್ರ ನಾ ಹೋಗಿದ್ದು ಏರಿಯಾದ ಹೆಸರು ನೋಡಿ. ಪ್ರಿಂಟರ್ಸ್ ರೋ. ಅಚ್ಚಿನವರ ಓಣಿ ಅನ್ನು. ಮುದ್ರಣ ಕಾಶಿ ಅನ್ನಿಸ್ಕೊಂಡ ಗದಗಿನಾಗ ಹುಟ್ಟಿದವಂಗ ಆ ಹೆಸರ ಸಾಕಲ್ಲ.

ಕತಿ ಕೇಳು. 1883ರಾಗ ಡಾನಹ್ಯೂ ಅನ್ನೋ ಪ್ರಿಂಟಿಂಗ್ ಕಟ್ಟಡ ಎದ್ದು ನಿಂತು, 1885ಕ್ಕ ಓಣಿ ತುದಿಗೆ ಡಿಯರ್‌ಬಾರ್ನ್ ರೈಲ್ವೆ ಸ್ಟೇಷನ್ ಆತು, ಕೆಂಪ ಇಟ್ಟಂಗಿದು, ಮ್ಯಾಲ ಗಡಿಯಾರದ ಗೋಪುರ. ರೈಲಿನ್ಯಾಗ ಕಾಗದ ಬರೂದು, ರೈಲಿನ್ಯಾಗ ಪುಸ್ತಕ, ಕ್ಯಾಟಲಾಗ್ ಹೋಗೂದು, ಅದಕ್ಕ ಸಾಲಾಗಿ ಪ್ರಿಂಟರ್ಸು, ಬೈಂಡರ್ಸು, ಪಬ್ಲಿಷರ್ಸು ಎಲ್ಲಾರೂ ಅಲ್ಲೇ ಬಂದು ನೆಲಿ ನಿಂತ್ರು. ಆ ಜಾಗಾ ಹೆಂಗೈತಿ ಅಂದ್ರ ಉದ್ದ ಐತಿ, ಅಗಲ ಕಡಿಮಿ, ಹಿಂಗಾಗಿ ಕಟ್ಟಡದ ಎರಡೂ ಮಗ್ಗಲಿಗೆ ರಸ್ತೆ, ಎರಡೂ ಕಡಿಂದ ಬೆಳಕು ಒಳಗ ಬೀಳತೈತಿ. ಅಚ್ಚಿನ ಮೊಳಿ, ಅಂದ್ರ ಸೀಸದ ಅಕ್ಷರ, ಜೋಡಸಾವಂಗ ಬೆಳಕು ಎಷ್ಟ ಬೇಕು ಅನ್ನೂದು ನಿನಗ ನಾ ಹೇಳೂದು ಬ್ಯಾಡ, ನಿಮ್ಮ ಅಜ್ಜಾರು ಮೊಳಿ ಇಡೂ ಕೇಸ್ ತಂದು ಕಿಡಕಿ ಬುಡಕ್ಕ ಇಟ್ಟಿದ್ದು ಅದಕ್ಕ ಅಲ್ಲೇನು.

ಅಲ್ಲೇ ಫ್ರಾಂಕ್ಲಿನ್ ಬಿಲ್ಡಿಂಗ್ ಅಂತ 1916ರದ್ದು ಒಂದೈತಿ, ಅದರ ಬಾಗಲದ ಮ್ಯಾಲ ಬಣ್ಣಬಣ್ಣದ ಟೈಲ್ಸಿನ್ಯಾಗ ಯುರೋಪಿನ್ಯಾಗ ಮೊಳಿ ಜೋಡಿಸಿ ಅಚ್ಚ ಹಾಕಿದ ಮೊದಲನೇ ದೊಡ್ಡ ಪುಸ್ತಕ, ಗುಟೆನ್‌ಬರ್ಗ್ ಬೈಬಲ್, ಮೊದಲ ಸಲ ಅಚ್ಚಾಗೋ ಚಿತ್ರ ಮಾಡ್ಯಾರ, ಗ್ವಾಡಿಗೆ ಅಚ್ಚಿನ ಕೆಲಸ, ಬೈಂಡಿಂಗ್ ಕೆಲಸ ಮಾಡೂ ಆಳುಗಳ ಚಿತ್ರ. ನಾ ಹತ್ತ ನಿಮಿಷ ಅಲ್ಲೇ ನಿಂತಬಿಟ್ಟೆ. ದೇವಸ್ಥಾನದ ಬಾಗಲದ ಮ್ಯಾಲ ಕೆತ್ತಿದಂಗ ನಮ್ಮ ಕಸುಬು ಕೂಡಿಸ್ಯಾರ ದೋಸ್ತ.

ಆಮ್ಯಾಲ ಅಚ್ಚಿನವ್ರು ಒಬ್ಬೊಬ್ಬರಾಗಿ ಜಾಗಾ ಬಿಟ್ಟ ಹೋದ್ರು, 1971ರಾಗ ಸ್ಟೇಷನ್ನೂ ಬಂದ್ ಆತು, ಓಣಿ ಬಿಕೋ ಅನ್ನಾಕತ್ತು. ಆವಾಗ ಹ್ಯಾರಿ ವೀಸ್ ಅನ್ನೋ ಆರ್ಕಿಟೆಕ್ಟ್ ಮತ್ತ ಇನ್ನೊಂದಿಷ್ಟು ಮಂದಿ ಈ ಖಾಲಿ ಕಟ್ಟಡಗಳನ್ನ ಮನಿ ಮಾಡ್ಬಹುದಲ್ಲ ಅಂತ 1970ರ ದಶಕದ ಕೊನಿಗೆ ಕೈ ಹಾಕಿದ್ರು. ಈಗ ಅದು ನಗರದ ಲ್ಯಾಂಡ್‌ಮಾರ್ಕ್ ಜಾಗಾ, ಯಾರೂ ಮನಸಿಗೆ ಬಂದಂಗ ಕೆಡವಾಕ ಬರಂಗಿಲ್ಲ.

ನಾವು ನೋಡಿದ ಮನಿ ನಾಲ್ಕನೇ ಅಂತಸ್ತಿನ್ಯಾಗ. ಸೂರು 12 ಅಡಿ ಮ್ಯಾಲ, ದಪ್ಪ ದಪ್ಪ ಕಟಗಿ ಕಂಬ, ನಾ ಒಬ್ಬನ ತೆಕ್ಕಿಗೆ ಸಿಗೂದಿಲ್ಲ. ಅಡಗಿಮನಿ ಹೊಸದು, ಬಚ್ಚಲ ಹೊಸದು, ಅದೆಲ್ಲಾ ಎಲ್ಲಾ ಕಡೆ ಇರೂದ. ನಮ್ಮಾಕಿ ಅಡಗಿಮನಿ ನೋಡಾಕ ಹೋದ್ಲು, ನಾ ನೆಲ ನೋಡ್ಕೋತ ಹೊಂಟೆ. ಕಿಡಕಿ ಹತ್ರ ಕಟಗಿ ನೆಲದಾಗ ನಾಕ ತೂತು, ಚೌಕಾಗಿ, ಒಂದೊಂದು ನನ್ನ ಹೆಬ್ಬೆಟ್ಟಿನಷ್ಟ. ಸುತ್ತ ಕಟಗಿ ಕರ್ರಗ ಆಗೈತಿ. ಕೂತು ಬೆರಳ ಹಾಕಿ ನೋಡಿದೆ. ಮಷೀನ್ ಕೂಡಸಿ ಬೋಲ್ಟ್ ಹಾಕಿದ್ದ ಜಾಗಾ ಅದು, ಕರ್ರಗಿದ್ದದ್ದು ಎಣ್ಣಿ ಕುಡದದ್ದು. ನಿಮ್ಮ ಪ್ರೆಸ್ಸಿನ ಟ್ರೆಡಲ್ ಮಷೀನ್, ಕಾಲಿಲೆ ತುಳದು ಅಚ್ಚ ಹಾಕೂದು, ಅದನ್ನ ಎತ್ತಿದ ದಿನ ಕೆಳಗ ಹಿಂಗ ನಾಕ ತೂತು ಇದ್ವಲ್ಲ, ನಾವಿಬ್ರೂ ಅದರಾಗ ಗೋಲಿ ಉರುಳಿಸ್ತಿದ್ವಿ. ಅಲ್ಲೇ ಕಣ್ಣಾಗ ನೀರ ಬಂತು, ಮುಚ್ಚಿಡೂದೇನ್ ಐತಿ.

ಎಲ್ಲಾ ಚಲೋ ಐತಿ ಅಂತ ಹೇಳಂಗಿಲ್ಲ ಮತ್ತ. ಮಲಗೂ ಖೋಲಿ ಗ್ವಾಡಿ ಸೂರಿಗೆ ಮುಟ್ಟೂದಿಲ್ಲ, ಒಬ್ರು ಫೋನಿನ್ಯಾಗ ಮಾತಾಡಿದ್ರ ಇನ್ನೊಬ್ರಿಗೆ ನಿದ್ದಿ ಇಲ್ಲ, ಚಳಿಗಾಲದಾಗ ಇಷ್ಟ ಎತ್ತರದ ಮನಿ ಬಿಸಿ ಮಾಡಾಕ ರೊಕ್ಕ ಭಾಳ ಹೋಗತೈತಿ. ತಿಂಗಳ ಮೆಂಟೆನೆನ್ಸ್ ಬ್ಯಾರೆ, ಇಲ್ಲಿ ಅಸೆಸ್‌ಮೆಂಟ್ ಅಂತಾರ, ಮ್ಯಾಲ 80 ಅಡಿಗಿಂತ ಎತ್ತರ ಇರೂ ಕಟ್ಟಡದ ಹೊರಗಿನ ಗ್ವಾಡಿ ಆಗಾಗ ತಪಾಸಣಿ ಮಾಡಸಬೇಕು ಅಂತ ನಗರದ ಕಾನೂನು, ದೊಡ್ಡ ರಿಪೇರಿ ಬಂದ್ರ ಎಲ್ಲಾ ಮನಿಯವ್ರ ಮ್ಯಾಲ ಹಂಚತಾರ. ಅದಕ್ಕ ಮೊದ್ಲ ಕಟ್ಟಡದ ಮನಿಯವ್ರ ಅಸೋಸಿಯೇಷನ್ನಿನ ಮೀಟಿಂಗ್ ಮಿನಿಟ್ಸ್ ತರಸಿ ಓದಾಕತ್ತೀನಿ, ರೊಕ್ಕ ಎಷ್ಟ ಕೂಡಿ ಇಟ್ಟಾರ ನೋಡಿನ ಆಫರ್ ಹಾಕೂದು.

ನನಗ ಮನಸಿಗೆ ಬಾರದ್ದು ಒಂದ, ಒಳಗಿನ ಇಟ್ಟಂಗಿ ಗ್ವಾಡಿಗೆ ಯಾವಾಗೋ ಸ್ಯಾಂಡ್‌ಬ್ಲಾಸ್ಟ್ ಹೊಡದಾರ, ಅಂದ್ರ ಗಾಳಿ ಜೋರಿನ್ಯಾಗ ಉಸುಕು ಹೊಡದು ತಿಕ್ಕ್ಯಾರ. ನೋಡಾಕ ಕೆಂಪಗ ಚಂದ ಕಾಣತೈತಿ, ಆದ್ರ ಸುಟ್ಟ ಇಟ್ಟಂಗಿಗೆ ಮ್ಯಾಲೊಂದು ಗಟ್ಟಿ ತೊಗಲು ಇರತೈತಲ್ಲ, ಅದ ಹೋದ್ರ ಒಳಗಿನ ಮೆತ್ತನ ಭಾಗ ಹಸಿ ಎಳಕೊಂಡು ಉದರಾಕ ಹತ್ತತೈತಿ. ಕೈ ಆಡಿಸಿದ್ರ ಕೆಂಪ ಪುಡಿ ಬಂತು.

ಈಗ ನಿನ್ನ ಮಾತಿಗೆ ಬರ್ತೀನಿ. ನಿಮ್ಮ ಪ್ರೆಸ್ಸಿನ ಕಲ್ಲ ಗ್ವಾಡಿ ಎರಡ ಅಡಿ ದಪ್ಪ ಐತಿ, ಮ್ಯಾಲ ಸಾಗವಾನಿ ತೊಲಿ, ಬೆಳಕಿಂಡಿ, ಮಷೀನ್ ಭಾರ ತಡಿಯೂ ನೆಲ. ಇದನ್ನ ಇವತ್ತ ಯಾವ ಬಿಲ್ಡರೂ ನಿನಗ ಕಟ್ಟಿ ಕೊಡಂಗಿಲ್ಲ. ಕಾಂಪ್ಲೆಕ್ಸ್ ಕಟ್ಟಿದ್ರ ಬಾಡಿಗಿ ಬರತೈತಿ, ಖರೇ, ಮಕ್ಕಳ ಫೀಸ್ ಕಟ್ಟಬೇಕು, ಕಾಕಾರ ಔಷಧ, ನನಗ ಗೊತ್ತಿಲ್ಲ ಅಂತಲ್ಲ. ಆದ್ರ ಮುಂದಿನ ಖಾಲಿ ಜಾಗದಾಗ ಎರಡ ಅಂಗಡಿ ಎಬ್ಬಿಸು, ಹಿಂದಿನ ಮಷೀನ್ ಖೋಲಿ ಹಂಗ ಬಿಡು, ಮ್ಯಾಲ ಮನಿ ಮಾಡ್ಕೋ ಇಲ್ಲಾ ಆಫೀಸಿಗೆ ಕೊಡು. ಗ್ವಾಡಿ ಸಂದಿಗೆ ಸಿಮೆಂಟ್ ಮಾತ್ರ ಬಳೀಬ್ಯಾಡ, ಹಳೇದು ಸುಣ್ಣದ ಗಚ್ಚು, ಸಿಮೆಂಟ್ ಹಾಕಿದ್ರ ಹಸಿ ಹೊರಗ ಹೋಗಾಕ ದಾರಿ ಸಿಗಂಗಿಲ್ಲ, ಕಲ್ಲ ಕೆಡತೈತಿ. ಸುಣ್ಣದ ಕೆಲಸ ಗೊತ್ತಿರೂ ವಯಸ್ಸಾದ ಗೌಂಡಿ ಯಾರರ ಇದ್ರ ಅವ್ರನ್ನ ಹುಡುಕು. ಇಂಜಿನಿಯರ್ ಕಡಿಂದ ತೊಲಿಗೆ ಹುಳ ಹತ್ತೈತೇನು ನೋಡಿಸು, ಆ ಫೀ ನಾ ಕೊಡ್ತೀನಿ, ಬ್ಯಾಡ ಅನಬ್ಯಾಡ.

ಬಿಲ್ಡರ್‌ಗ ಇನ್ನೂ ಒಂದ ತಿಂಗಳ ತಡದು ಬಾ ಅಂತ ಹೇಳು. ಈ ಐತವಾರ ಖೋಲಿ ಖಾಲಿ ಮಾಡ್ಸಿ ನೆಲದಿಂದ ತೊಲಿ ತನಕ ಟೇಪ್ ಹಿಡದು ಅಳದು ಕಳಸು, ಮುಂಜಾನಿ 10 ಗಂಟೆಕ್ಕ ಕಿಡಕಿ ಎಲ್ಲಾ ತಗದು ಒಂದ ವಿಡಿಯೋ ಮಾಡು. ಕಾಕಾರಿಗೆ ಅಲ್ಲೇ ಕುರ್ಚಿ ಹಾಕಿ ಕೂಡಸು, ಮೊಳಿ ಕೇಸ್ ಎಲ್ಲಿತ್ತು, ಒತ್ತಕ್ಷರದ ಖಾನೆ ಯಾವ ಕಡೆ, ಕಟಿಂಗ್ ಮಷೀನ್ ಎಲ್ಲಿ ಅಂತ ಕೇಳು, ಅವ್ರು ಹೇಳೂದು ಎಲ್ಲಾ ರೆಕಾರ್ಡ್ ಆಗ್ಲಿ. ವೈನಿಗೆ ಕೇಳ್ದೆ ಅಂತ ಹೇಳು.

ನಿನ್ನ ಹಳೇ ದೋಸ್ತ