ಸೆಮಿನಾರ್ ದಿನ ರಜಾ ಹಾಕ್ಬೇಡ ಕಣೋ

ಗೆಳೆಯಾ,

ನಿನ್ ಮೆಸೇಜ್ ನೋಡ್ದೆ. ಮುಂದಿನ ವಾರ ಸೆಮಿನಾರ್ ಇದೆ, ಕ್ಲಾಸ್ ಮುಂದೆ ನಿಂತು ಮಾತಾಡೋಕೆ ನಂಗೆ ಬರಲ್ಲ, ಹುಷಾರಿಲ್ಲ ಅಂತ ಹೇಳಿ ಊರಿಗೆ ಹೋಗ್ಬಿಡ್ತೀನಿ ಅಂತ ಬರ್ದಿದೀಯ. ಫೋನಲ್ಲಿ ಎರಡು ಮಾತು ಹೇಳಿ ಮುಗಿಸೋ ವಿಷ್ಯ ಅಲ್ಲ ಇದು, ಅದಕ್ಕೇ ಕೂತು ಬರೀತಿದೀನಿ. ನಿನ್ ಹೆಸ್ರು ಹಾಕಿಲ್ಲ. ಆದ್ರೆ ಬೇರೆಯವ್ರೂ ಓದ್ಲಿ ಅಂತ ಎಲ್ರಿಗೂ ಕಾಣೋ ಹಾಗೇ ಇಡ್ತಿದೀನಿ, ಯಾಕಂದ್ರೆ ನಮ್ ತರಾನೇ ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂನಲ್ಲಿ ಓದಿ, ಕಾಲೇಜಿಗೆ ಬಂದು ಇದ್ದಕ್ಕಿದ್ದಂಗೆ ಬಾಯಿ ಕಟ್ಟಿಹೋದವ್ರು ಎಷ್ಟೋ ಜನ ಇದಾರೆ.

ನಿಂಗೆ ಮಾತು ಬರಲ್ಲ ಅಂತ ಯಾರು ಹೇಳಿದ್ದು? ಊರಬ್ಬದ ಲೆಕ್ಕ ಕೇಳೋಕೆ ಅಷ್ಟು ಜನ ದೊಡ್ಡೋರ ಮುಂದೆ ಎದ್ದು ನಿಂತವ್ನು ನೀನೇ ಅಲ್ವಾ? ಅವತ್ತು ನಿನ್ ಕಾಲು ನಡುಗ್ಲಿಲ್ಲ, ಯಾಕಂದ್ರೆ ಕೇಳ್ಬೇಕಾಗಿದ್ದೇನು ಅಂತ ನಿಂಗೆ ಸ್ಪಷ್ಟವಾಗಿ ಗೊತ್ತಿತ್ತು, ಕೇಳ್ಲೇಬೇಕು ಅನ್ನೋ ಹಟಾನೂ ಇತ್ತು. ಕ್ಲಾಸಲ್ಲಿ ಬೋರ್ಡ್ ಪಕ್ಕ ನಿಂತಾಗ ಇವೆರಡೂ ಇರಲ್ಲ. ಯಾರೋ ಕೊಟ್ಟ ಟಾಪಿಕ್, ನೆಟ್ಟಿಂದ ಎತ್ತಿದ ಇಂಗ್ಲಿಷ್ ವಾಕ್ಯಗಳು, ಎದುರಿಗೆ ಅರವತ್ತು ಜನ. ನಂಗೂ ಫಸ್ಟ್ ಇಯರ್‌ನಲ್ಲಿ ಹಂಗೇ ಆಗಿತ್ತು, ಬಾಯೆಲ್ಲಾ ಒಣಗಿ, ಎದೆ ಹೊಡ್ಕೊಳೋದು ಕಿವಿಗೇ ಕೇಳಿಸ್ತಿತ್ತು. ಅದು ಅಡ್ರಿನಲಿನ್ ಅನ್ನೋ ಹಾರ್ಮೋನ್ ಕೆಲಸ ಅಂತ ಆಮೇಲೆ ತಿಳೀತು, ಅಪಾಯ ಬಂತು ಅಂತ ಮೈ ರೆಡಿ ಆಗೋದು ಅಷ್ಟೇ, ಅದ್ರಲ್ಲಿ ನಾಚ್ಕೊಳೋಂಥದ್ದು ಏನೂ ಇಲ್ಲ.

ನಂಗೆ ಧೈರ್ಯ ಬಂದಿದ್ದು ಕ್ಲಾಸಲ್ಲಲ್ಲ ಕಣೋ, ಎನ್ನೆಸ್ಸೆಸ್ ಕ್ಯಾಂಪಲ್ಲಿ. ಏಳು ದಿನದ ಕ್ಯಾಂಪು, ಬೆಳಗ್ಗೆ ಶ್ರಮದಾನ, ಸಂಜೆ ಊರೋರ್ನ ಸೇರಿಸ್ಕೊಂಡು ಸಭೆ. ಡೆಂಗ್ಯೂ ಬಗ್ಗೆ ಯಾರಾದ್ರೂ ಮಾತಾಡ್ಬೇಕು ಅಂದ್ರು ಸರ್, ಹಿಂದಿನ ವರ್ಷ ನಮ್ ತಂಗಿಗೆ ಡೆಂಗ್ಯೂ ಆಗಿ ಅಪ್ಪ ಅಮ್ಮನ ಜೊತೆ ಆಸ್ಪತ್ರೇಲಿ ಕಾದಿದ್ನಲ್ಲ, ಅದೆಲ್ಲಾ ತಲೇಲಿತ್ತು, ಕೈ ಎತ್ತಿಬಿಟ್ಟೆ. ಮೈಕ್ ಇರ್ಲಿಲ್ಲ, ದೇವಸ್ಥಾನದ ಜಗಲಿ ಮೇಲೆ ನಿಂತು ಶುರು ಮಾಡ್ದೆ. ಮೊದಲ ಒಂದು ನಿಮಿಷ ಧ್ವನಿ ನಡುಗ್ತಾನೇ ಇತ್ತು. ಈ ಸೊಳ್ಳೆ ಚರಂಡೀಲಲ್ಲ, ನಾವು ಡ್ರಮ್ಮಲ್ಲಿ ತುಂಬಿಡೋ ಒಳ್ಳೆ ನೀರಲ್ಲೇ ಮೊಟ್ಟೆ ಇಡುತ್ತೆ, ಮೊಟ್ಟೆಯಿಂದ ಸೊಳ್ಳೆ ಆಗೋಕೆ ಒಂದು ವಾರ, ಹತ್ತು ದಿನ ಸಾಕು, ಅದಕ್ಕೇ ವಾರಕ್ಕೊಂದು ಸಲ ಡ್ರಮ್ ಖಾಲಿ ಮಾಡಿ ಉಜ್ಜಿ ತೊಳೀಬೇಕು ಅಂತ ಹೇಳ್ತಾ ಇದ್ದೆ. ಕಚ್ಚೋದೂ ಹಗಲಲ್ಲೇ ಅಂದಾಗ ಮುಂದೆ ಕೂತಿದ್ದ ಒಬ್ರು ಅಜ್ಜಿ, "ಹಂಗಾದ್ರೆ ರಾತ್ರಿ ಪರದೆ ಕಟ್ಟಿ ಏನಪ್ಪಾ ಉಪಯೋಗ?" ಅಂದ್ರು. ಹಗಲು ಮಲಗೋ ಮಕ್ಕಳಿಗೆ, ಬಾಣಂತಿಯರಿಗೆ ಹಗಲಲ್ಲೇ ಪರದೆ ಕಟ್ಟಿ ಅಜ್ಜಿ, ಜ್ವರ ಬಂದು ಮಲಗಿರೋರಿಗಂತೂ ಕಟ್ಲೇಬೇಕು, ಅವ್ರನ್ನ ಕಚ್ಚಿದ ಸೊಳ್ಳೆಯಿಂದಾನೇ ಇನ್ನೊಬ್ರಿಗೆ ಹರಡೋದು ಅಂದೆ. ಆಮೇಲೆ ಇನ್ನೊಬ್ರು ಕೇಳಿದ್ರು, ಮತ್ತೊಬ್ರು ಕೇಳಿದ್ರು, ಉತ್ತರ ಹೇಳ್ತಾ ಹೇಳ್ತಾ ನಾನು ನಿಂತಿದೀನಿ, ಎಲ್ಲಾ ನನ್ನೇ ನೋಡ್ತಿದಾರೆ ಅನ್ನೋದೇ ಮರೆತುಹೋಯ್ತು. ಅವ್ರಿಗೆ ತಿಳೀಬೇಕು ಅನ್ನೋದೊಂದೇ ಉಳೀತು. ಆ ಖುಷಿ ಹೆಂಗಿತ್ತು ಅಂತ ನಿಂಗೆ ಎದುರಿಗೇ ಕೂತು ಹೇಳ್ಬೇಕು.

ಮುಗಿಸಿ ಬಂದ್ಮೇಲೆ ಎಷ್ಟು ಹೆದ್ರಿದ್ದೆ ಗೊತ್ತಾ ಅಂತ ಪಕ್ಕದವನಿಗೆ ಹೇಳಿದ್ರೆ, ನಂಗೇನೂ ಕಾಣ್ಲೇ ಇಲ್ವಲ್ಲೋ ಅಂದ. ಸುಮ್ನೆ ಸಮಾಧಾನಕ್ಕೆ ಹೇಳ್ತಿದಾನೆ ಅಂದ್ಕೊಂಡಿದ್ದೆ. ಆದ್ರೆ ಕೆನೆತ್ ಸವಿಟ್‌ಸ್ಕಿ, ಥಾಮಸ್ ಗಿಲೋವಿಚ್ ಅಂತ ಅಮೆರಿಕದ ಇಬ್ರು ಮನಶ್ಶಾಸ್ತ್ರಜ್ಞರು 2003ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದಾರೆ. ಭಾಷಣ ಮಾಡೋರು ತಮ್ಮ ಹೆದರಿಕೆ ಎಲ್ರಿಗೂ ಕಾಣ್ತಿದೆ ಅಂದ್ಕೊಳ್ತಾರೆ, ಕೇಳೋರಿಗೆ ಅಷ್ಟು ಕಾಣೋದೇ ಇಲ್ಲ. ಇನ್ನೂ ಒಳ್ಳೆ ವಿಷ್ಯ ಏನಂದ್ರೆ, ಈ ಮಾತನ್ನ ಮೊದ್ಲೇ ತಿಳಿಸಿ ಕಳಿಸಿದ ವಿದ್ಯಾರ್ಥಿಗಳು ಉಳಿದವ್ರಿಗಿಂತ ಚೆನ್ನಾಗಿ ಮಾತಾಡಿದ್ರಂತೆ. ಅದಕ್ಕೇ ನಾನೂ ನಿಂಗೆ ಮೊದ್ಲೇ ಹೇಳ್ತಿದೀನಿ, ನಿನ್ ಒಳಗಿನ ನಡುಕ ಕೊನೇ ಬೆಂಚಿಗೆ ಕಾಣಲ್ಲ.

ಗಾಂಧೀಜಿ ವಿಷ್ಯ ನಿಂಗೆ ಗೊತ್ತಿರ್ಬೇಕು. ಲಂಡನ್ನಲ್ಲಿ ಸಸ್ಯಾಹಾರಿಗಳ ಸಂಘದ ಸಮಿತೀಲಿದ್ರೂ ಬಾಯಿ ಬಿಡ್ತಿರ್ಲಿಲ್ಲ, ಬರ್ಕೊಂಡು ಹೋಗಿದ್ದನ್ನೂ ಬೇರೆಯವ್ರ ಕೈಲಿ ಓದಿಸ್ಬೇಕಾಗಿತ್ತು. 1891ರಲ್ಲಿ ಬ್ಯಾರಿಸ್ಟರ್ ಆಗಿ ವಾಪಸ್ ಬಂದು ಬಾಂಬೆ ಕೋರ್ಟಲ್ಲಿ ಮೊದಲ ಕೇಸಿಗೆ ಎದ್ದು ನಿಂತ್ರು, ತಲೆ ತಿರುಗಿ ಒಂದು ಪ್ರಶ್ನೇನೂ ಹೊಳೀಲಿಲ್ಲ, ಕೂತ್ಬಿಟ್ರು, ಫೀಸಿನ 30 ರೂಪಾಯೀನೂ ವಾಪಸ್ ಕೊಟ್ರು. ಅದೇ ಮನುಷ್ಯ 1893ರಲ್ಲಿ ಪ್ರಿಟೋರಿಯಾದಲ್ಲಿ ಭಾರತೀಯ ವ್ಯಾಪಾರಿಗಳ ಮುಂದೆ ವ್ಯಾಪಾರದಲ್ಲಿ ಸತ್ಯ ಅನ್ನೋ ವಿಷ್ಯದ ಮೇಲೆ ಮಾತಾಡಿದ್ರು. ಮಧ್ಯೆ ಎರಡೇ ವರ್ಷ. ಅವ್ರ ಸಂಕೋಚ ಪೂರ್ತಿ ಹೋಗ್ಲೇ ಇಲ್ಲ, ಹಂಗಂತ ಅವ್ರೇ ಬರ್ಕೊಂಡಿದಾರೆ. ನಂಗೆ ಅನ್ಸೋದು, ಧೈರ್ಯ ಬರ್ಲಿ ಆಮೇಲೆ ಮಾತಾಡೋಣ ಅಂತ ಅವ್ರು ಕಾಯ್ಲಿಲ್ಲ, ಆ ಜನಕ್ಕೆ ಹೇಳ್ಲೇಬೇಕಾದ ಮಾತೊಂದು ಅವ್ರ ಹತ್ರ ಇತ್ತು.

ನಿನ್ ಹತ್ರಾನೂ ಇದೆ. ಟಾಪಿಕ್ ಕೃಷಿ ಮಾರುಕಟ್ಟೆ, ಬೆಂಬಲ ಬೆಲೆ ಅಂದ್ಯಲ್ಲ. ತಿಪಟೂರು ಎಪಿಎಂಸಿಗೆ ಕೊಬ್ಬರಿ ಹಾಕೋ ಮನೆಯವನು ನೀನು, ನೆಟ್ಟಲ್ಲಿ ಸಿಕ್ಕಿದ ವ್ಯಾಖ್ಯಾನ ಯಾಕೋ ಓದ್ತೀಯ? ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿ ಒಣಗಿಸೋದು, ಒಳಗಿನ ನೀರೆಲ್ಲಾ ಇಂಗಿ ಅಲ್ಲಾಡಿಸಿದ್ರೆ ಉಂಡೆ ಕೊಬ್ಬರಿ ಸದ್ದು ಮಾಡೋದು, ಸುಲಿಯೋ ಕೂಲಿ, ಇಷ್ಟೆಲ್ಲಾ ಆದ್ಮೇಲೆ ರೇಟು ಬೀಳೋದು, ಅಲ್ಲಿಂದ ಶುರು ಮಾಡು. 2024ರ ಹಂಗಾಮಿಗೆ ಉಂಡೆ ಕೊಬ್ಬರಿ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ ಇತ್ತು, 2025ಕ್ಕೆ 12,100 ಮಾಡಿದ್ರು. ಈ ನಂಬರ್ ಹೇಳಿ, ನಿಮ್ಮನೇಲಿ ಒಂದು ಕ್ವಿಂಟಾಲ್ ಆಗೋಕೆ ಎಷ್ಟು ಖರ್ಚು ಬೀಳುತ್ತೆ ಅಂತ ಬೋರ್ಡ್ ಮೇಲೆ ಬರಿ. ಆ ಲೆಕ್ಕ ನಿನ್ನಷ್ಟು ಚೆನ್ನಾಗಿ ಆ ಕ್ಲಾಸಲ್ಲಿ ಇನ್ಯಾರು ಹೇಳ್ತಾರೆ?

ಇಂಗ್ಲಿಷ್ ಬಗ್ಗೆ ಮೇಡಂ ಹತ್ರ ಮೊದ್ಲೇ ಹೋಗಿ ಕೇಳು, ಅರ್ಧ ಕನ್ನಡದಲ್ಲಿ ಹೇಳ್ಬಹುದಾ ಅಂತ. ಬಹಳಷ್ಟು ಟೀಚರ್ಸ್ ಒಪ್ತಾರೆ. ಒಪ್ಪದಿದ್ರೆ ಸಣ್ಣ ಸಣ್ಣ ವಾಕ್ಯ ಮಾಡ್ಕೋ. ಪೂರ್ತಿ ಬಾಯಿಪಾಠ ಮಾತ್ರ ಬೇಡ, ಒಂದು ಸಾಲು ತಪ್ಪಿದ್ರೆ ಸರದ ದಾರ ಕಿತ್ತಂಗೆ ಎಲ್ಲಾ ಉದುರಿಹೋಗುತ್ತೆ. ಮೊದಲ ಎರಡು ವಾಕ್ಯ ಮಾತ್ರ ನಿದ್ದೇಲಿ ಕೇಳಿದ್ರೂ ಬರ್ಬೇಕು, ಉಳಿದಿದ್ದಕ್ಕೆ ಚೀಟೀಲಿ ನಾಲ್ಕು ಪದ ಸಾಕು. ಮನಸ್ಸಲ್ಲೇ ಓದ್ಕೊಂಡ್ರೆ ಪ್ರಾಕ್ಟೀಸ್ ಆಗಲ್ಲ, ಬಾಯಿಬಿಟ್ಟು ಜೋರಾಗಿ ಹೇಳು, ಕ್ಲಾಸ್ ಮುಗಿದ್ಮೇಲೆ ಖಾಲಿ ರೂಮಲ್ಲಿ ರೂಮ್‌ಮೇಟ್‌ನ ಕೊನೇ ಬೆಂಚಲ್ಲಿ ಕೂರಿಸಿ ಹೇಳಿ ನೋಡು. ಎದ್ದು ಹೋಗೋ ಮುಂಚೆ ಉಸಿರು ನಿಧಾನಕ್ಕೆ ಬಿಡು, ಎಳ್ಕೊಳೋದಕ್ಕಿಂತ ಬಿಡೋದು ಉದ್ದ ಇರ್ಲಿ. ನೀರಿನ ಬಾಟ್ಲು ಜೊತೇಲಿಟ್ಕೋ. ಮಧ್ಯೆ ತಡವರಿಸಿದ್ರೆ ಸಾರಿ ಸಾರಿ ಅನ್ಬೇಡ, ಸುಮ್ನೆ ನಿಂತು ಚೀಟಿ ನೋಡು, ಆಮೇಲೆ ಮುಂದುವರಿಸು.

ಯಾರೋ ನಗ್ತಾರೆ ಅಂತ ಬರ್ದಿದ್ಯಲ್ಲ, ನಗಬಹುದು. ನಗೋರ ಪಕ್ಕದಲ್ಲೇ, ಮುಂದಿನ ವಾರ ತನ್ನ ಸರದಿ ಅಂತ ಬೆವರ್ತಾ ಕೂತಿರೋ ಹುಡುಗಾನೋ ಹುಡುಗೀನೋ ಇರ್ತಾರೆ, ಅವ್ರ ಮುಖ ನೋಡ್ಕೊಂಡು ಮಾತಾಡು.

ಭಾನುವಾರ ರಾತ್ರಿ ಊಟ ಆದ್ಮೇಲೆ ಫೋನ್ ಮಾಡ್ತೀನಿ, ಮೊದಲ ಐದು ನಿಮಿಷದ್ದು ಹೇಳಿ ತೋರಿಸ್ಬೇಕು. ಅಷ್ಟರೊಳಗೆ ಅಪ್ಪಾಜಿ ಹತ್ರ ಕೇಳಿ ಸುಲಿಯೋ ಕೂಲಿ, ಲಾರಿ ಬಾಡಿಗೆ ಎಲ್ಲಾ ಬರೆದಿಟ್ಕೋ.

ನಿನ್ನ ಗೆಳೆಯ