ಬ್ರೆಡ್ ಬೆಲೆ ಬಗ್ಗೆ ನಮ್ಮ ಗ್ರಾಹಕರಿಗೆ

ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ 400 ಗ್ರಾಂ ಬ್ರೆಡ್ಡಿಗೆ 45 ರೂಪಾಯಿ ಬದಲು 50 ರೂಪಾಯಿ ಆಗುತ್ತದೆ. ತೂಕ ಒಂದು ಗ್ರಾಮೂ ಕಮ್ಮಿಯಾಗುವುದಿಲ್ಲ. ಖಾರಾ ಬನ್, ದಿಲ್‌ಪಸಂದ್ ಬೆಲೆಯನ್ನು ಮುಟ್ಟಿಲ್ಲ.

ದಿನಾ ಬರುವವರ ಹತ್ತಿರ ಐದು ರೂಪಾಯಿ ಜಾಸ್ತಿ ಕೇಳುವುದು ನಮಗೂ ಕಷ್ಟವೇ. ಬೇಜಾರಾಗಿದ್ದರೆ ಕ್ಷಮಿಸಿ. ಆದರೆ ಬೋರ್ಡ್ ಹಾಕಿದಾಗಿನಿಂದ ಒಂದೇ ಮಾತು ಕೇಳುತ್ತಿದ್ದೇವೆ. "ಜಿಎಸ್‌ಟಿ ಇಳಿದಿದೆಯಲ್ಲಾ ಸ್ವಾಮಿ, ನೀವ್ಯಾಕೆ ಏರಿಸ್ತೀರಿ? ಉಳಿದ ದುಡ್ಡೆಲ್ಲ ಗಲ್ಲಾಪೆಟ್ಟಿಗೆಗೆ ಹೋಯ್ತಾ?" ಎಷ್ಟೋ ವರ್ಷದ ಪರಿಚಯದವರೇ ಹೀಗೆ ಕೇಳಿದಾಗ ಮನಸ್ಸಿಗೆ ನೋವಾಗುತ್ತದೆ. ಅದಕ್ಕೇ ಈ ಪತ್ರ.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಇಳಿದಿದ್ದು ನಿಜ. ಕೇಕ್, ಬಿಸ್ಕತ್ತಿನ ಮೇಲೆ ಶೇ. 18 ಇದ್ದದ್ದು ಶೇ. 5 ಆಯಿತು. ಅವತ್ತು ಬೆಳಗ್ಗೆ ಅಂಗಡಿ ತೆಗೆಯುವ ಮೊದಲೇ ಹನಿ ಕೇಕಿಗೂ ಬೆಣ್ಣೆ ಬಿಸ್ಕತ್ತಿಗೂ ಹೊಸ ಬೆಲೆಯ ಚೀಟಿ ಅಂಟಿಸಿದೆವು. ಬ್ರೆಡ್ಡಿನ ಲೆಕ್ಕವೇ ಬೇರೆ. 2017ರಲ್ಲಿ ಜಿಎಸ್‌ಟಿ ಬಂದಾಗಿನಿಂದಲೂ ಬ್ರೆಡ್ಡಿಗೆ ತೆರಿಗೆ ಇಲ್ಲ. ಇಲ್ಲದ ತೆರಿಗೆಯನ್ನು ಇಳಿಸುವುದು ಹೇಗೆ?

ತೆರಿಗೆ ಇಲ್ಲ ಅಂದರೆ ಒಳ್ಳೇದೇ ಅಲ್ವಾ ಎನ್ನಬಹುದು. ನಿಮಗೆ ಖಂಡಿತ ಒಳ್ಳೇದು. ನಮಗೆ ಅದರಲ್ಲೇ ಪೆಟ್ಟು. ಕೇಕ್ ಮಾಡಲು ತಂದ ಸಾಮಾನಿಗೆ ಕಟ್ಟಿದ ಜಿಎಸ್‌ಟಿಯನ್ನು ನಾವು ಸರ್ಕಾರಕ್ಕೆ ಕೊಡಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ತೆರಿಗೆಯೇ ಇಲ್ಲದ ಬ್ರೆಡ್ಡಿಗೆ ಹಾಗೆ ಮಾಡುವಂತಿಲ್ಲ. ಕಮರ್ಷಿಯಲ್ ಸಿಲಿಂಡರಿಗೆ ಶೇ. 18, ಪ್ಲಾಸ್ಟಿಕ್ ಕವರಿಗೆ ಶೇ. 18, ಹಿಟ್ಟು ಕಲಸುವ ಮಿಷನ್ ಕೆಟ್ಟರೆ ರಿಪೇರಿಗೂ ಶೇ. 18. ಇದರಲ್ಲಿ ಬ್ರೆಡ್ಡಿನ ಪಾಲು ಪೂರ್ತಿ ನಮ್ಮ ಕೈಯಿಂದಲೇ. ಅನುಮಾನ ಇದ್ದರೆ ಬನ್ನಿ, ಬಿಲ್ಲುಗಳ ಫೈಲ್ ಕೌಂಟರಿನಲ್ಲೇ ಇದೆ.

ಇನ್ನು ಬೇರೆ ಖರ್ಚು. 2024ರ ಸೆಪ್ಟೆಂಬರಿನಲ್ಲಿ ತಾಳೆ ಎಣ್ಣೆಯ ಆಮದು ಸುಂಕ ಏರಿತು, ಅದರಿಂದ ಮಾಡುವ ವನಸ್ಪತಿ ಟಿನ್ನಿನ ಬೆಲೆಯೂ ಹಿಂದೆಯೇ ಏರಿತು. ಆಮೇಲೆ ಕಚ್ಚಾ ತಾಳೆ ಎಣ್ಣೆಯ ಸುಂಕ ಇಳಿಸಿದರೂ ನಮಗೆ ಬರುವ ಟಿನ್ ಹಳೇ ಬೆಲೆಗೆ ಇಳಿದಿಲ್ಲ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ಹಸು ಸಾಕಿದವರಿಗೆ ನಾಲ್ಕು ಕಾಸು ಸಿಗಲಿ, ಅದಕ್ಕೆ ನಮ್ಮ ತಕರಾರಿಲ್ಲ. ಅದೇ ತಿಂಗಳಿಂದ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 36 ಪೈಸೆ ಸರ್‌ಚಾರ್ಜ್ ಬೇರೆ ಸೇರಿತು. ಇಷ್ಟು ದಿನ ಬೆಲೆ ಏರಿಸದೆ ತಡೆದುಕೊಂಡಿದ್ದೆವು. ಇನ್ನು ಆಗುತ್ತಿಲ್ಲ.

"ತೂಕ ಸ್ವಲ್ಪ ಇಳಿಸಿ, ಯಾರಿಗೂ ಗೊತ್ತಾಗಲ್ಲ" ಎಂದು ಸಲಹೆ ಕೊಟ್ಟವರಿದ್ದಾರೆ. ಹಿಟ್ಟು ಬೇಗ ಉಬ್ಬುವ ಪುಡಿ ಹಾಕಿ ಎಂದವರೂ ಇದ್ದಾರೆ. ಎರಡೂ ನಮಗೆ ಬೇಡ. ತಾತ ಹಾಸನದ ಕಡೆಯಿಂದ ತಂದ ಕೆಲಸ ಇದು. ಇವತ್ತಿಗೂ ಹಿಟ್ಟನ್ನು ಅದರ ಪಾಡಿಗೆ ಉಬ್ಬಲು ಬಿಡುತ್ತೇವೆ. ಅದಕ್ಕೇ ನಮ್ಮ ಸ್ಲೈಸ್ ಮಡಚಿದರೆ ಬಾಗುತ್ತದೆ, ಮುರಿಯುವುದಿಲ್ಲ. ಬೆಣ್ಣೆ ಸವರಿ ಕಾವಲಿ ಮೇಲೆ ಇಟ್ಟರೆ ಅಂಚು ಗರಿಗರಿ, ನಡುವೆ ಮೆತ್ತಗೆ. ಮೊಟ್ಟೆ ಹಾಕಲು ಶುರು ಮಾಡಿದ್ದೀರಾ ಎಂದೂ ಕೆಲವರು ಕೇಳಿದರು. ಇಲ್ಲ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದ ಹಿರಿಯರ ದಾರಿಯಲ್ಲೇ ನಮ್ಮಂಥ ಅಯ್ಯಂಗಾರ್ ಬೇಕರಿಗಳು ಬೆಳೆದದ್ದು. ನಮ್ಮ ಒಲೆಗೆ ಮೊಟ್ಟೆ ಬರುವುದಿಲ್ಲ.

ಮನೆಯಲ್ಲಿ ಒಬ್ಬರೇ ಇಬ್ಬರೇ ಇರುವ ಹಿರಿಯರು ನಮ್ಮಲ್ಲಿ ತುಂಬ ಜನ ಬರುತ್ತಾರೆ. ಅವರಿಗಾಗಿ 200 ಗ್ರಾಮಿನ ಅರ್ಧ ಬ್ರೆಡ್ಡನ್ನು 25 ರೂಪಾಯಿಗೇ ಕೊಡುತ್ತೇವೆ, ಅರ್ಧ ಮಾಡಿದ್ದಕ್ಕೆ ಬೇರೆ ದುಡ್ಡಿಲ್ಲ. ತಿಂಗಳ ಲೆಕ್ಕದವರಿಗೂ ಈ ತಿಂಗಳು ಪೂರ್ತಿ ಹಳೇ ಬೆಲೆಯೇ. ಅರ್ಧ ಬ್ರೆಡ್ ಬೇಕಾದವರು ಹಿಂದಿನ ದಿನ ಸಂಜೆಯೊಳಗೆ ಕೌಂಟರಿನಲ್ಲಿ ಅಮ್ಮನಿಗೆ ಹೇಳಿ, ಹೆಸರು ಬರೆದು ಎತ್ತಿಡುತ್ತಾರೆ.

ಇಂತಿ,
ನಿಮ್ಮ ಬೇಕರಿಯವರು